ಸೋಲು–ಗೆಲುವಿನ ಲೆಕ್ಕದಲ್ಲಿ ಅದೃಷ್ಟದ ಪಾಲೆಷ್ಟು?

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಆಸ್ಟ್ರೋಸ್ ಬೇಸ್‌ಬಾಲ್ ತಂಡ 2013ರ ಸೀಸನ್‌ನಲ್ಲಿ ಆಡಿದ 162 ಪಂದ್ಯಗಳಲ್ಲಿ ಗೆದ್ದದ್ದು 51, ಸೋತದ್ದು 111. ಅದರ ಹಿಂದಿನ ಎರಡು ವರ್ಷಗಳಲ್ಲೂ ಸೋಲಿನ ಸಂಖ್ಯೆ ನೂರು ದಾಟಿತ್ತು. ಅದೇ ತಂಡ 2017ರಲ್ಲಿ 101 ಪಂದ್ಯ ಗೆದ್ದು, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಕಿರೀಟ ತೊಟ್ಟಿತು. 2018ರಲ್ಲಿ 103, 2019ರಲ್ಲಿ 107 ಗೆಲುವು. 2022ರಲ್ಲಿ 106 ಗೆಲುವಿನ ಜೊತೆಗೆ ಎರಡನೇ ಕಿರೀಟ. ಹತ್ತು ಸೀಸನ್‌ಗಳೊಳಗೆ ತಳದಿಂದ ತುದಿಗೆ ಏರಿದ ಈ ತಂಡದ ಬಗ್ಗೆ ಜನ ಎರಡು ಕಥೆ ಹೇಳುತ್ತಾರೆ. ಅಂಕಿಅಂಶ ಬಲ್ಲ ಬುದ್ಧಿವಂತರು ಕೂತು ಲೆಕ್ಕ ಹಾಕಿ ತಂಡವನ್ನು ಕಟ್ಟಿದರು ಎಂಬುದು ಒಂದು. ಎದುರಾಳಿಗಳ ಸನ್ನೆಗಳನ್ನು ಕದ್ದು ಗೆದ್ದರು ಎಂಬುದು ಇನ್ನೊಂದು. ಎರಡರಲ್ಲೂ ನಿಜವಿದೆ, ಆದರೆ ಎರಡೂ ಮೂರನೆಯ ಪಾತ್ರಧಾರಿಯನ್ನು ಬಿಟ್ಟುಬಿಡುತ್ತವೆ: ಆಕಸ್ಮಿಕ, ಅಂದರೆ ನಾವು ಅದೃಷ್ಟ ಎನ್ನುವುದು. ಸಾಮರ್ಥ್ಯ, ಅದೃಷ್ಟ, ಮೋಸ ಮೂರೂ ಕಲೆತಿರುವ ಫಲಿತಾಂಶದಿಂದ ಒಂದೊಂದನ್ನೂ ಬೇರ್ಪಡಿಸಲು ಸಂಭವನೀಯತೆಯ ಶಾಸ್ತ್ರ ನಮಗೆ ಕೊಡುವ ಒರೆಗಲ್ಲು ಒಂದಿದೆ. ಏನು ಮತ್ತೆ ಮತ್ತೆ ಮರುಕಳಿಸುತ್ತದೋ ಅದನ್ನು ನಂಬು. ಒಮ್ಮೆ ಮಾತ್ರ ಕಂಡದ್ದನ್ನು ಎಚ್ಚರದಿಂದ ನೋಡು. ಆಸ್ಟ್ರೋಸ್‌ನ ದಶಕವನ್ನು ಈ ಒರೆಗಲ್ಲಿಗೆ ಉಜ್ಜಿದರೆ ಕಿರೀಟಗಳಿಗಿಂತ ಬೆಲೆಬಾಳುವ ಸಾಕ್ಷ್ಯ ಬೇರೆಡೆ ಸಿಗುತ್ತದೆ ಎಂಬುದು ನನ್ನ ವಾದ.

ಮೊದಲು ಆಕಸ್ಮಿಕದ ಅಳತೆ. ಪ್ರತಿ ಪಂದ್ಯದ ಫಲಿತಾಂಶವನ್ನೂ ನಾಣ್ಯ ಚಿಮ್ಮಿ ನಿರ್ಧರಿಸುವ ಒಂದು ತಂಡವಿದೆ ಎಂದುಕೊಳ್ಳಿ. 162 ಪಂದ್ಯಗಳಲ್ಲಿ ಅದು ಸರಾಸರಿ 81 ಗೆಲ್ಲುತ್ತದೆ. ಆದರೆ ಪ್ರತಿ ವರ್ಷವೂ ಸರಿಯಾಗಿ 81 ಬರುವುದಿಲ್ಲ. ಈ ಏರಿಳಿತದ ಮಾನಕ ವಿಚಲನೆ ಸುಮಾರು 6.4 ಗೆಲುವು. ಎಂದರೆ ಮೂರರಲ್ಲಿ ಎರಡು ವರ್ಷ ಆ ತಂಡ 75ರಿಂದ 87ರ ನಡುವೆ ಎಲ್ಲಾದರೂ ನಿಲ್ಲುತ್ತದೆ. ಒಂದು ವರ್ಷ 75, ಮರುವರ್ಷ 87 ಬಂದರೆ ಪತ್ರಿಕೆಗಳು ಹೊಸ ತರಬೇತುದಾರನನ್ನು ಕೊಂಡಾಡಬಹುದು, ಆದರೆ ಅಲ್ಲಿ ಬದಲಾದದ್ದು ನಾಣ್ಯ ಬಿದ್ದ ಬಗೆ ಮಾತ್ರ. ಐಪಿಎಲ್‌ನಂತೆ ಲೀಗ್ ಹಂತದಲ್ಲಿ 14 ಪಂದ್ಯಗಳಷ್ಟೇ ಇದ್ದರೆ ಆಕಸ್ಮಿಕದ ಆಟ ಇನ್ನೂ ಜೋರು. ನಾಣ್ಯದ ತಂಡವೊಂದು ಅಲ್ಲಿ ಹತ್ತರಲ್ಲಿ ಎಂಟು ಸಲ 5ರಿಂದ 9 ಗೆಲುವು ಪಡೆಯುತ್ತದೆ, ಮತ್ತು ಐದಕ್ಕೂ ಒಂಬತ್ತಕ್ಕೂ ನಡುವೆ ಪಟ್ಟಿಯ ತಳಕ್ಕೂ ಪ್ಲೇಆಫ್‌ಗೂ ಇರುವಷ್ಟು ಅಂತರವಿದೆ. ಈಗ ಹ್ಯೂಸ್ಟನ್‌ಗೆ ಬರೋಣ. ನಾಣ್ಯದ ತಂಡ 51 ಅಥವಾ ಅದಕ್ಕೂ ಕಡಿಮೆ ಪಂದ್ಯ ಗೆಲ್ಲುವ ಸಾಧ್ಯತೆ ಹತ್ತು ಲಕ್ಷದಲ್ಲಿ ಎರಡರಷ್ಟು. 101 ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಸಾವಿರದಲ್ಲಿ ಒಂದರಷ್ಟು. ಒಂದೇ ತಂಡ ಸತತ ಮೂರು ವರ್ಷ ನೂರು ದಾಟುವುದು ಆಕಸ್ಮಿಕದಿಂದ ಆಗುವ ಮಾತಲ್ಲ. 2013ರ ಆಸ್ಟ್ರೋಸ್ ನಿಜಕ್ಕೂ ದುರ್ಬಲ ತಂಡ, 2017ರಿಂದ 2019ರ ಆಸ್ಟ್ರೋಸ್ ನಿಜಕ್ಕೂ ಬಲಿಷ್ಠ ತಂಡ. ಇಷ್ಟು ಖಚಿತ.

ಆದರೆ ತೀರಾ ಕೆಳಗಿನ ಅಥವಾ ತೀರಾ ಮೇಲಿನ ಪ್ರತಿ ಅಂಕಿಯಲ್ಲೂ ಅದೃಷ್ಟದ ಒಂದು ಪಾಲು ಅಡಗಿರುತ್ತದೆ. 1886ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಹೋಲಿಸಿ, ತೀರಾ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಸರಿಯುವುದನ್ನು ತೋರಿಸಿದ. ತಂಡಗಳಿಗೂ ಈ ನಿಯಮ ಅನ್ವಯಿಸುತ್ತದೆ. ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ 30 ತಂಡಗಳ ವಾರ್ಷಿಕ ಗೆಲುವುಗಳ ಮಾನಕ ವಿಚಲನೆ ಸಾಮಾನ್ಯವಾಗಿ 11–12ರ ಆಸುಪಾಸಿನಲ್ಲಿರುತ್ತದೆ. ಅದರ ವರ್ಗದಿಂದ ನಾಣ್ಯದ 6.4ರ ವರ್ಗವನ್ನು ಕಳೆದರೆ, ತಂಡಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲು ಸಾಮರ್ಥ್ಯದ್ದು, ಮೂರನೇ ಒಂದು ಪಾಲು ಆಕಸ್ಮಿಕದ್ದು ಎಂಬ ಅಂದಾಜು ಸಿಗುತ್ತದೆ. ಈ ಲೆಕ್ಕದಲ್ಲಿ 51 ಗೆದ್ದ ತಂಡ ಏನೊಂದನ್ನೂ ಬದಲಿಸದಿದ್ದರೂ ಮರುವರ್ಷ ಸುಮಾರು 60 ಗೆಲ್ಲಬೇಕು. ಆಸ್ಟ್ರೋಸ್ 2014ರಲ್ಲಿ 70 ಗೆದ್ದಿತು. ಆ 19 ಗೆಲುವುಗಳ ಏರಿಕೆಯಲ್ಲಿ ಅರ್ಧದಷ್ಟು ಹೀಗೆ ತಾನಾಗಿ ಬರಬಹುದಾದದ್ದು, ಉಳಿದರ್ಧ ನಿಜವಾದ ಸುಧಾರಣೆ ಎನ್ನಬಹುದು. ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ ಕೊಟ್ಟ ಸರಳ ಸೂತ್ರವೊಂದು ಅದೃಷ್ಟದ ಈ ಪಾಲನ್ನು ಇನ್ನಷ್ಟು ಚೆನ್ನಾಗಿ ತೋರಿಸುತ್ತದೆ. ತಂಡ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಗೆಲ್ಲಬೇಕಿದ್ದ ಪ್ರಮಾಣ ಬರುತ್ತದೆ. ಒಂದು ರನ್‌ನಿಂದ ದಕ್ಕುವ ಅಥವಾ ಕೈತಪ್ಪುವ ಪಂದ್ಯಗಳ ಅದೃಷ್ಟವನ್ನು ಈ ಸೂತ್ರ ಸೋಸಿ ತೆಗೆಯುತ್ತದೆ. 2015ರಲ್ಲಿ ಆಸ್ಟ್ರೋಸ್ 729 ರನ್ ಗಳಿಸಿ 618 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ 94 ಗೆಲ್ಲಬೇಕಿತ್ತು, ಗೆದ್ದದ್ದು 86. ತಂಡ ಎಷ್ಟು ಬೆಳೆದಿತ್ತೆಂಬುದನ್ನು ಆ ವರ್ಷದ ಪಟ್ಟಿ ಪೂರ್ತಿ ತೋರಿಸಲಿಲ್ಲ. 2017ರಲ್ಲಿ 896 ಗಳಿಸಿ 700 ಬಿಟ್ಟುಕೊಟ್ಟಾಗ ಸೂತ್ರ ಹೇಳಿದ್ದೂ 101, ಗೆದ್ದದ್ದೂ 101.

ಹಾಗಿದ್ದರೆ ಬದಲಾದದ್ದು ಏನು? 2011ರ ಕೊನೆಯಲ್ಲಿ ತಂಡದ ಒಡೆತನ ಬದಲಾಗಿ, ಜೆಫ್ ಲೂನೋ ಜನರಲ್ ಮ್ಯಾನೇಜರ್ ಆಗಿ ಬಂದರು. ಅವರೊಂದಿಗೆ ಹಿಂದೆ ನಾಸಾದಲ್ಲಿ ದುಡಿದಿದ್ದ ಎಂಜಿನಿಯರ್ ಸಿಗ್ ಮೈಡೆಲ್ ಕೂಡ ಬಂದರು. ಅವರ ಕೆಲಸದ ತಿರುಳು ಹೀಗಿತ್ತು: ಫಲಿತಾಂಶಕ್ಕಿಂತ ಮೊದಲು, ಫಲಿತಾಂಶವನ್ನು ಹುಟ್ಟಿಸುವ ಗುಣವನ್ನು ಅಳೆಯುವುದು. ಕಾಲಿನ್ ಮ್ಯಾಕ್‌ಹ್ಯೂ ಎಂಬ ಪಿಚರ್ (ಚೆಂಡು ಎಸೆಯುವ ಆಟಗಾರ) ಇದಕ್ಕೆ ಒಳ್ಳೆಯ ಉದಾಹರಣೆ. 2013ರ ಕೊನೆಯಲ್ಲಿ ಕೊಲರಾಡೊ ತಂಡ ಅವರನ್ನು ಕೈಬಿಟ್ಟಾಗ ಅವರ ಅಂಕಿಗಳು ನೋಡುವಂತಿರಲಿಲ್ಲ. ಆದರೆ ರೇಡಾರ್ ಮಾಪನಗಳಲ್ಲಿ ಅವರ ಕರ್ವ್‌ಬಾಲ್, ಅಂದರೆ ಬಾಗಿ ಬರುವ ಎಸೆತ, ಅಸಾಮಾನ್ಯ ವೇಗದಲ್ಲಿ ತಿರುಗುವುದು ಕಂಡಿತ್ತು. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಕಡೆಗೆ ತಳ್ಳುತ್ತದೆ, ಗಾಳಿ ಚೆಂಡನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ತಿರುಗುವಿಕೆ ಹೆಚ್ಚಿದಷ್ಟೂ ಬಾಗುವಿಕೆ ಹೆಚ್ಚು. ಬ್ಯಾಟಿಗೆ ತಗುಲಿದ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುದು ದಿನದಿನಕ್ಕೆ ಬದಲಾಗುತ್ತದೆ, ತಿರುಗುವ ವೇಗ ಮಾತ್ರ ಎಸೆತದಿಂದ ಎಸೆತಕ್ಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆ ಕರ್ವ್‌ಬಾಲನ್ನು ಹೆಚ್ಚಾಗಿ ಎಸೆದ ಮ್ಯಾಕ್‌ಹ್ಯೂ 2015ರಲ್ಲಿ 19 ಪಂದ್ಯ ಗೆದ್ದರು. ಇದೇ ತಂಡ ಎಡವಿದ್ದೂ ಉಂಟು. ಚಳಿಗಾಲವಿಡೀ ದುಡಿದು ಬ್ಯಾಟ್ ಬೀಸುವ ಕ್ರಮವನ್ನೇ ಬದಲಿಸಿಕೊಂಡು ಬಂದಿದ್ದ ಜೆ. ಡಿ. ಮಾರ್ಟಿನೆಜ್ ಅವರನ್ನು 2014ರ ಮಾರ್ಚ್‌ನಲ್ಲಿ ಆಸ್ಟ್ರೋಸ್ ಬಿಡುಗಡೆ ಮಾಡಿತು. ಮರುವರ್ಷ ಅವರು ಡೆಟ್ರಾಯ್ಟ್ ಪರ 38 ಹೋಮ್ ರನ್ ಹೊಡೆದರು. ಹಳೆಯ ಅಂಕಿಗಳು ಹಳೆಯ ಬೀಸಿನವು. ಆಟಗಾರ ಬದಲಾದಾಗ ಅವನ ಇತಿಹಾಸ ಸಾಕ್ಷಿಯ ಬಲ ಕಳೆದುಕೊಳ್ಳುತ್ತದೆ ಎಂಬುದನ್ನು ಆ ಲೆಕ್ಕಿಗರು ಗಮನಿಸಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ವಿಜ್ಞಾನ ಯಾಕೆ, ಆ ತಂಡ ಬೇಕೆಂದೇ ಸೋತಿತು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಕೊನೆಯ ಸ್ಥಾನದ ತಂಡಕ್ಕೆ ಸಿಗುವ ಮೊದಲ ಆಯ್ಕೆಯಿಂದ ಪ್ರತಿಭೆಗಳನ್ನು ಬಾಚಿಕೊಂಡಿತು ಎಂಬ ವಾದ. ಸಂಬಳದ ಮೊತ್ತವನ್ನು ಲೀಗ್‌ನಲ್ಲೇ ತೀರಾ ಕೆಳಗಿಳಿಸಿ, ಅನುಭವಿಗಳನ್ನು ಮಾರಿ, ತಂಡ ಸೋಲನ್ನು ಒಪ್ಪಿಕೊಂಡದ್ದು ನಿಜ. 2012, 2013, 2014 ಮೂರೂ ವರ್ಷ ಡ್ರಾಫ್ಟ್‌ನ ಮೊದಲ ಆಯ್ಕೆ ಅದಕ್ಕೇ ಸಿಕ್ಕಿತು. ಆ ಮೂರು ಆಯ್ಕೆಗಳ ಫಲವನ್ನು ನೋಡಿ. 2012ರ ಕಾರ್ಲೋಸ್ ಕೊರೆಯಾ ತಾರೆಯಾದರು. 2013ರ ಮಾರ್ಕ್ ಅಪೆಲ್ ಆಸ್ಟ್ರೋಸ್ ಪರ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. 2014ರ ಬ್ರೇಡಿ ಏಕನ್ ಜೊತೆ ವೈದ್ಯಕೀಯ ಪರೀಕ್ಷೆಯ ಬಳಿಕ ಒಪ್ಪಂದವೇ ಮುರಿಯಿತು. ಅದಕ್ಕೆ ಪರಿಹಾರವಾಗಿ 2015ರಲ್ಲಿ ದೊರೆತ ಎರಡನೇ ಆಯ್ಕೆಯಿಂದ ಅಲೆಕ್ಸ್ ಬ್ರೆಗ್‌ಮನ್ ಬಂದರು. ಇನ್ನು ತಂಡದ ಬೆನ್ನೆಲುಬಾದ ಹೊಸೆ ಅಲ್ಟುವೆ ವೆನೆಜುವೆಲಾದಿಂದ ಸುಮಾರು 15,000 ಡಾಲರ್‌ಗೆ ಸೇರಿದ್ದು ಲೂನೋ ಬರುವುದಕ್ಕೆ ವರ್ಷಗಳ ಹಿಂದೆ. ಡಲಾಸ್ ಕೈಕಲ್, ಜಾರ್ಜ್ ಸ್ಪ್ರಿಂಗರ್ ಕೂಡ ಹಿಂದಿನ ಆಡಳಿತದ ಆಯ್ಕೆಗಳು. ಸೋತರೆ ಸಾಕು, ಏಳಿಗೆ ತಾನಾಗಿ ಬರುತ್ತದೆ ಎನ್ನುವುದಾದರೆ 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಹೆಚ್ಚು ಸೋಲು ಕಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂದೋ ಮೇಲೇಳಬೇಕಿತ್ತು. ಸೋಲು ಅವಕಾಶ ಕೊಡುತ್ತದೆ, ಖಾತ್ರಿ ಕೊಡುವುದಿಲ್ಲ. ಆದರೂ ಬೇಕೆಂದೇ ಸೋಲುವುದು ಟಿಕೆಟ್ ಕೊಂಡು ಬರುವ ಜನರಿಗೆ ಬಗೆಯುವ ಅನ್ಯಾಯ. ಡ್ರಾಫ್ಟ್‌ನ ಮೊದಲ ಆರು ಸ್ಥಾನಗಳನ್ನು 2023ರಿಂದ ಲಾಟರಿ ಎತ್ತಿ ಹಂಚುತ್ತಿರುವುದು ಸರಿಯಾದ ಹೆಜ್ಜೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪಿಚರ್ ಯಾವ ಎಸೆತ ಹಾಕಬೇಕೆಂದು ಆಗ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಬೆರಳ ಸನ್ನೆ ಮಾಡುತ್ತಿದ್ದ. 2017ರಲ್ಲಿ ಆಸ್ಟ್ರೋಸ್ ತನ್ನ ಮೈದಾನದ ಕ್ಯಾಮೆರಾ ಮೂಲಕ ಆ ಸನ್ನೆ ಓದಿ, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ಸುಳಿವು ಕೊಡುತ್ತಿತ್ತು. ಇದು ಸಣ್ಣ ಸಹಾಯವಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಬಳಿ ಬರಲು ಸುಮಾರು 0.4 ಸೆಕೆಂಡ್ ಸಾಕು. ಆ ಅವಧಿಯೊಳಗೆ ಎಸೆತವನ್ನು ಗುರುತಿಸಿ, ಬೀಸಬೇಕೋ ಬೇಡವೋ ನಿರ್ಧರಿಸಿ, ಬ್ಯಾಟ್ ತಿರುಗಿಸಬೇಕು. ಮೊದಲೇ ಗೊತ್ತಿದ್ದರೆ ಗುರುತಿಸುವ ಕೆಲಸವೇ ತಪ್ಪುತ್ತದೆ. 2020ರ ಜನವರಿಯಲ್ಲಿ ಲೀಗ್‌ನ ಕಮಿಷನರ್ ಲೂನೋ ಹಾಗೂ ತಂಡದ ಮ್ಯಾನೇಜರ್ ಎ. ಜೆ. ಹಿಂಚ್ ಅವರನ್ನು ಒಂದು ವರ್ಷ ಅಮಾನತು ಮಾಡಿದರು. ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು, ಎರಡು ವರ್ಷದ ಪ್ರಮುಖ ಡ್ರಾಫ್ಟ್ ಆಯ್ಕೆಗಳೂ ಹೋದವು. ಹಾಗಾದರೆ ಏಳಿಗೆಯೆಲ್ಲ ಮೋಸದ ಫಲವೇ? ಕಸದ ಡಬ್ಬಿ ಇದ್ದದ್ದು ಸ್ವಂತ ಮೈದಾನದಲ್ಲಿ. ಮೇಜರ್ ಲೀಗ್‌ನಲ್ಲಿ ಆತಿಥೇಯ ತಂಡಗಳು ಸಾಮಾನ್ಯವಾಗಿ ನೂರಕ್ಕೆ 54ರಷ್ಟು ಪಂದ್ಯ ಗೆಲ್ಲುತ್ತವೆ. 2017ರ ಆಸ್ಟ್ರೋಸ್ ಮಾತ್ರ ತವರಿನಲ್ಲಿ 48, ಹೊರಗೆ 53 ಗೆದ್ದಿತು. ಹೊರಗಿನ ಮೈದಾನಗಳಲ್ಲಿ ಇಷ್ಟು ಗೆದ್ದ ತಂಡ ಡಬ್ಬಿಯ ಸದ್ದಿನಿಂದಷ್ಟೇ ಬಲಿಷ್ಠವಾಯಿತು ಎನ್ನಲಾಗದು. ಆದರೆ ಅದೇ ವರ್ಷದ ಪ್ಲೇಆಫ್‌ನಲ್ಲಿ ಚಿತ್ರ ತಿರುವುಮುರುವು: ತವರಿನ 9 ಪಂದ್ಯಗಳಲ್ಲಿ 8 ಗೆಲುವು, ಹೊರಗಿನ 9ರಲ್ಲಿ 3. ಇದು ಮೋಸದ ಫಲವೋ ಆಕಸ್ಮಿಕವೋ ಎಂದು ಒಂಬತ್ತು ಪಂದ್ಯಗಳಿಂದ ತೀರ್ಮಾನಿಸಲಾಗದು, ಆ ಪಂದ್ಯಗಳನ್ನು ಮತ್ತೆ ಆಡಿಸಲೂ ಆಗದು. ಮೋಸದ ಅತಿದೊಡ್ಡ ಹಾನಿ ಇದೇ ಎಂದು ನನಗನ್ನಿಸುತ್ತದೆ. ಅದು ಎದುರಾಳಿಯ ಗೆಲುವನ್ನು ಕದಿಯುವುದರ ಜೊತೆಗೆ ಪುರಾವೆಯನ್ನೇ ಕೆಡಿಸುತ್ತದೆ. ಮೋಸ ಮಾಡಿದ ತಂಡದ ಆಟಗಾರರು ಪ್ರಾಮಾಣಿಕವಾಗಿ ಗಳಿಸಿದ್ದು ಎಷ್ಟು ಎಂಬುದನ್ನೂ ಅಳಿಸಿಹಾಕುತ್ತದೆ.

ಕಿರೀಟಗಳ ವಿಷಯ ಇನ್ನೂ ಸೂಕ್ಷ್ಮ. ಪ್ರತಿ ಪಂದ್ಯವನ್ನೂ ನೂರಕ್ಕೆ 55ರ ಸಾಧ್ಯತೆಯಲ್ಲಿ ಗೆಲ್ಲುವ ತಂಡ ಏಳು ಪಂದ್ಯಗಳ ಸರಣಿ ಗೆಲ್ಲುವ ಸಾಧ್ಯತೆ ನೂರಕ್ಕೆ 61, ಐದು ಪಂದ್ಯಗಳದಕ್ಕೆ 59. ಒಂದು ಐದರ ಸರಣಿ, ಎರಡು ಏಳರ ಸರಣಿ ದಾಟಿ ಕಿರೀಟ ಮುಟ್ಟುವ ಸಾಧ್ಯತೆ ನೂರಕ್ಕೆ 22ರಷ್ಟೇ. ಎಂದರೆ ಶ್ರೇಷ್ಠ ತಂಡಕ್ಕೂ ಐದು ವರ್ಷಕ್ಕೊಂದು ಕಿರೀಟ ಸಿಕ್ಕರೆ ಅದು ನ್ಯಾಯವಾದ ಪಾಲು. 107 ಗೆದ್ದ 2019ರ ಆಸ್ಟ್ರೋಸ್ ವರ್ಲ್ಡ್ ಸೀರೀಸ್‌ನಲ್ಲಿ 93 ಗೆದ್ದಿದ್ದ ವಾಷಿಂಗ್ಟನ್‌ಗೆ ಸೋತಿತು. ಆ ಸರಣಿಯ ಏಳೂ ಪಂದ್ಯಗಳನ್ನು ಹೊರಗಿನಿಂದ ಬಂದ ತಂಡವೇ ಗೆದ್ದಿತ್ತು. 2021ರಲ್ಲಿ ಸೋತದ್ದು 88 ಗೆದ್ದಿದ್ದ ಅಟ್ಲಾಂಟಾಗೆ. ಕೋವಿಡ್‌ನಿಂದ 60 ಪಂದ್ಯಕ್ಕೆ ಮೊಟಕಾದ 2020ರಲ್ಲಿ ಅದೇ ಆಸ್ಟ್ರೋಸ್ 29 ಗೆದ್ದು 31 ಸೋತಿತ್ತು, ಆದರೂ ವರ್ಲ್ಡ್ ಸೀರೀಸ್‌ಗೆ ಒಂದೇ ಗೆಲುವಿನ ದೂರದವರೆಗೆ ಹೋಯಿತು.

ಹೀಗೆ ಎಲ್ಲವನ್ನೂ ಅದೃಷ್ಟದ ಲೆಕ್ಕಕ್ಕೆ ಹಾಕಿದರೆ ಆಟಗಾರರ ಬೆವರಿಗೆ ಬೆಲೆಯೆಲ್ಲಿ ಎಂದು ಕೇಳುವವರಿದ್ದಾರೆ. ನನ್ನ ಉತ್ತರ: ಅದೃಷ್ಟವನ್ನು ಅಳೆದು ಬದಿಗಿಟ್ಟಾಗಲೇ ಬೆವರಿನ ಪಾಲು ಶುದ್ಧವಾಗಿ ಕಾಣುವುದು. 2015ರಿಂದ 2022ರವರೆಗಿನ ಎಂಟು ಸೀಸನ್‌ಗಳಲ್ಲಿ ಆಸ್ಟ್ರೋಸ್ ಪ್ಲೇಆಫ್ ತಲುಪದಿದ್ದದ್ದು 2016ರಲ್ಲಿ ಮಾತ್ರ. ಮ್ಯಾನೇಜರ್ ಬದಲಾದರು, ಜನರಲ್ ಮ್ಯಾನೇಜರ್ ಹೋದರು, ಕೊರೆಯಾ, ಸ್ಪ್ರಿಂಗರ್ ಬೇರೆ ತಂಡ ಸೇರಿದರು, ಸನ್ನೆ ಕದಿಯುವ ದಾರಿ ಮುಚ್ಚಿತು. ಗೆಲುವು ಮಾತ್ರ ಮರುಕಳಿಸುತ್ತಲೇ ಇತ್ತು. ಕಳಂಕ ಹೊತ್ತ 2017ರ ಕಿರೀಟಕ್ಕಿಂತ, ಈ ಮರುಕಳಿಕೆಯೇ ಆ ತಂಡದ ಪರವಾಗಿ ನಿಲ್ಲುವ ಗಟ್ಟಿ ಸಾಕ್ಷ್ಯ. ಒಂದು ವರ್ಷದ ಸೋಲಿಗೆ ತರಬೇತುದಾರನನ್ನು ಕಿತ್ತೊಗೆಯುವ ಮಾಲೀಕರೂ, ಒಂದು ಸರಣಿಯ ಸೋಲಿಗೆ ಆಟಗಾರನನ್ನು ಹಳಿಯುವ ಅಭಿಮಾನಿಗಳೂ ತೀರ್ಪು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಈ ತೀರ್ಪಿಗೆ ಆಧಾರವಾಗಿರುವುದು ಎಷ್ಟು ಪಂದ್ಯ? ಅದರಲ್ಲಿ ಆಕಸ್ಮಿಕದ ಪಾಲೆಷ್ಟು? ಮುಂದೆಯೂ ಉಳಿಯುವಂಥದ್ದು ಏನು? ಇವನ್ನು ಕೇಳುವ ಅಭ್ಯಾಸ ಬೆಳೆದರೆ ಸೋತವರನ್ನು ನಾವು ಇಷ್ಟು ಸಲೀಸಾಗಿ ದೂಷಿಸುವುದಿಲ್ಲ, ಗೆದ್ದವರನ್ನು ಇಷ್ಟು ಬೇಗ ದೇವರಾಗಿಸುವುದೂ ಇಲ್ಲ.