ಮಾಸು ಬೆಳೆಸುವ ಹಾವುರಾಣಿ

ಹಾವೆಂದರೆ ಮೊಟ್ಟೆ ಇಡುವ ಪ್ರಾಣಿ ಎಂಬುದು ಹೆಚ್ಚಿನವರ ಲೆಕ್ಕ. ಆದರೆ ನಮ್ಮ ಗದ್ದೆ ಬದುಗಳಲ್ಲಿ ಸಿಗುವ ಕೊಳಕುಮಂಡಲ ನೇರವಾಗಿ ಮರಿ ಹಾಕುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಸೂಲಿಗೆ 20ರಿಂದ 40! ಮಣ್ಣುಮುಕ್ಕ ಹಾವಿನದೂ ಇದೇ ಕ್ರಮ.

ಹಾಗಾದರೆ ಹೊಟ್ಟೆಯೊಳಗಿನ ಮರಿಗೆ ಆಹಾರ? ಮರಿ ಹಾಕುವ ಬಹುಪಾಲು ಸರೀಸೃಪಗಳಲ್ಲಿ ಅದು ಮೊಟ್ಟೆಯ ಹಳದಿ ಭಾಗದಿಂದಲೇ ಸಿಗುತ್ತದೆ. ಮೊಟ್ಟೆಯ ಚಿಪ್ಪು ತೀರಾ ತೆಳುವಾಗಿ, ಭ್ರೂಣದ ಪೊರೆ ಗರ್ಭಾಶಯದ ಗೋಡೆಗೆ ಒತ್ತಿಕೊಂಡಿರುತ್ತದೆ. ತಾಯಿಯ ಕಡೆಯಿಂದ ಆಮ್ಲಜನಕ, ನೀರು ಒಳಕ್ಕೆ ದಾಟುತ್ತವೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ ಹೋಗುತ್ತದೆ. ಇಷ್ಟೇ ಆಗಿದ್ದರೆ ವಿಶೇಷವೇನಿರಲಿಲ್ಲ.

ಈಶಾನ್ಯ ಬ್ರೆಜಿಲ್‌ನಲ್ಲಿ 'ಮಬೂಯಾ ಹೀಥಿ' ಎಂಬ ಹಾವುರಾಣಿ ಇದೆ. ಅದರ ಮೊಟ್ಟೆಯ ಅಡ್ಡಳತೆ ಬರೀ 1 ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಹಳದಿ ಭಾಗ ಇಲ್ಲವೆಂದೇ ಹೇಳಬೇಕು. ಹುಟ್ಟುವ ಮರಿಯ ಒಣತೂಕದಲ್ಲಿ ಶೇ. 99ಕ್ಕೂ ಹೆಚ್ಚು ಪಾಲು ಮಾಸಿನ ಮೂಲಕ ತಾಯಿಯಿಂದ ಬಂದದ್ದು ಎಂದು 1984ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಗರ್ಭಾಶಯದ ಒಳಪದರ ಒಂದು ಕಡೆ ದಪ್ಪಗೆ ಉಬ್ಬಿ ಪೋಷಕ ರಸ ಸ್ರವಿಸುತ್ತದೆ. ಅದಕ್ಕೆ ಎದುರಾಗಿರುವ ಭ್ರೂಣದ ಪೊರೆಯ ಜೀವಕೋಶಗಳು ಅದನ್ನು ಹೀರಿಕೊಳ್ಳುತ್ತವೆ. ಸಸ್ತನಿಗಳ ಮಾಸಿಗೂ ಇದಕ್ಕೂ ನಂಟಿಲ್ಲ, ಇದು ಪ್ರತ್ಯೇಕವಾಗಿಯೇ ವಿಕಾಸಗೊಂಡ ಮಾಸು.

ಹಲ್ಲಿ-ಹಾವುಗಳ ಬಳಗದಲ್ಲಿ ಮರಿ ಹಾಕುವ ಪದ್ಧತಿ 100ಕ್ಕೂ ಹೆಚ್ಚು ಬಾರಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಎಂಬುದು ತಜ್ಞರ ಅಂದಾಜು. ಇಂದಿನ ಆಮೆ, ಮೊಸಳೆಗಳಲ್ಲಿ ಮಾತ್ರ ಒಂದೂ ಮೊಟ್ಟೆಯ ದಾರಿ ಬಿಟ್ಟಿಲ್ಲ.