ನಿಮಗಿದು ಗೊತ್ತೆ? ಲಾಭದ ನೂರರಲ್ಲಿ ಎರಡು ರೂಪಾಯಿ ಸಮಾಜಕ್ಕೆ

ಕಂಪನಿಯೊಂದು ಊರಿನ ಶಾಲೆಗೆ ಶೌಚಾಲಯ ಕಟ್ಟಿಸಿದರೆ, ಆಸ್ಪತ್ರೆಗೆ ಯಂತ್ರ ಕೊಡಿಸಿದರೆ ಅದನ್ನು ದಾನವೆಂದೇ ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದು ಕಾನೂನಿನ ಕರ್ತವ್ಯ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಗೂ ಇದು ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಅದು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ.

ಹಸಿವು ನಿವಾರಣೆ, ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಪರಿಸರ, ಗ್ರಾಮಾಭಿವೃದ್ಧಿ ಎಲ್ಲಕ್ಕೂ ಇದನ್ನು ಬಳಸಬಹುದು. ಸ್ವಂತ ನೌಕರರಿಗಷ್ಟೇ ಅನುಕೂಲವಾಗುವ ಕೆಲಸ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ ಲೆಕ್ಕಕ್ಕಿಲ್ಲ. ನಮ್ಮ ಊರುಗಳ ಮಟ್ಟಿಗೆ ಬಲು ಮುಖ್ಯವಾದ ಮಾತು ಇನ್ನೊಂದಿದೆ: ಕಂಪನಿಯು ತಾನು ಕೆಲಸ ಮಾಡುವ ಸ್ಥಳ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆಯ ಪಕ್ಕದ ಹಳ್ಳಿಯವರು ಕುಡಿಯುವ ನೀರಿನ ಘಟಕ ಬೇಕೆಂದು ಅರ್ಜಿ ಕೊಡಲು ಸಂಕೋಚಪಡಬೇಕಿಲ್ಲ.

ಹಣ ಉಳಿಸಿಕೊಂಡು ಸುಮ್ಮನಿರುವಂತೆಯೂ ಇಲ್ಲ. ಖರ್ಚಾಗದ ಹಣ ಮುಂದುವರಿಯುತ್ತಿರುವ ಯೋಜನೆಯದಾದರೆ ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಮೂರು ಆರ್ಥಿಕ ವರ್ಷಗಳಲ್ಲಿ ಖರ್ಚು ಮಾಡಬೇಕು. ಅಂಥ ಯೋಜನೆಯದಲ್ಲದಿದ್ದರೆ ಅದು ವರ್ಷ ಮುಗಿದ ಆರು ತಿಂಗಳೊಳಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಂಥ ನಿಗದಿತ ನಿಧಿಗೆ ಹೋಗಬೇಕು.

ಕಾಯ್ದೆ ಬರುವ ಮೊದಲೇ ಈ ದಾರಿ ಹಿಡಿದವರೂ ಇದ್ದಾರೆ. ಬೆಂಗಳೂರಿನ ಇನ್ಫೊಸಿಸ್ ಪ್ರತಿಷ್ಠಾನ ಶುರುವಾದದ್ದು 1996ರಲ್ಲಿ.