ವೈಪರ್ ಮೋಟಾರು ತೂಗುವ ತೊಟ್ಟಿಲು

ಕೃಷ್ಣಾಷ್ಟಮಿಯ ತೊಟ್ಟಿಲು ತಾನಾಗಿ ತೂಗಬೇಕು ಎಂದು ಅಮ್ಮನಿಗೆ ಬಹಳ ದಿನದ ಆಸೆ. ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಯಿಂದ ಪುತ್ಲಿಬೌಲಿ ದೂರವಿಲ್ಲ. ಹಳೆಯ ಗಾಡಿಗಳ ಸಾಮಾನು ಮಾರುವ ಅಂಗಡಿಗಳು ಅಲ್ಲಿ ಸಾಲುಗಟ್ಟಿವೆ. ಅಲ್ಲಿಂದ ಕಾರಿನ ವೈಪರ್ ಮೋಟಾರೊಂದನ್ನು ತಂದೆ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮೋಟಾರು ನನಗೆ ಗೊತ್ತಿಲ್ಲ. ಓಡುವುದು 12 ವೋಲ್ಟಿನಲ್ಲಿ, ಹಾಗಾಗಿ ಶಾಕಿನ ಭಯವಿಲ್ಲ. ಒಳಗೆ ವರ್ಮ್ ಗಿಯರ್ ಇರುವುದರಿಂದ ಹೊರಗಿನ ಶಾಫ್ಟು ನಿಧಾನವಾಗಿ, ಆದರೆ ಭಾರಿ ಬಲದಿಂದ ತಿರುಗುತ್ತದೆ.

ತಂದ ಮೋಟಾರು ಮಾತ್ರ ಒಂದು ಸುತ್ತು ಹಾಕುವುದರೊಳಗೆ ನಿಂತುಬಿಡುತ್ತಿತ್ತು. ರಿವೈಂಡಿಂಗ್ ಮಾಡುವವರೊಬ್ಬರು ನೋಡಿ, ಆರ್ಮೇಚರ್ ಹೋಗಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಸ್ವಲ್ಪ ಮುಂದೆ ಸರಿಸಿ, ಮತ್ತೆ ಕರೆಂಟು ಕೊಟ್ಟೆ. ಗೆರೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಂತಿತು. ಶಾಫ್ಟು ಒಂದು ಸುತ್ತು ಬರಲು ಒಳಗಿನ ಆರ್ಮೇಚರ್ ಹತ್ತಾರು ಸುತ್ತು ತಿರುಗಿರುತ್ತದೆ. ಆರ್ಮೇಚರಿನ ಒಂದು ಸುರುಳಿ ಸುಟ್ಟಿದ್ದರೆ ಮೋಟಾರು ಎಲ್ಲೆಂದರಲ್ಲಿ ತಡವರಿಸಬೇಕು. ಶಾಫ್ಟಿನ ಒಂದೇ ಜಾಗವನ್ನು ಹುಡುಕಿಕೊಂಡು ಬಂದು ನಿಲ್ಲಲಾರದು. ಹಾಗಾದರೆ ತೊಂದರೆ ಗಿಯರಿನ ಕಡೆಯೇ ಇರಬೇಕು.

ಮುಚ್ಚಳ ಬಿಚ್ಚಿದೆ. ಒಣಗಿದ ಗ್ರೀಸಿನ ಕೆಳಗೆ ಪ್ಲಾಸ್ಟಿಕ್ ಗಿಯರ್, ಅದರ ಮೇಲೆ ತಾಮ್ರದ ತೆಳು ಬಿಲ್ಲೆ. ಬಿಲ್ಲೆಯಲ್ಲಿ ಒಂದು ಕಡೆ ಚೂರು ಕತ್ತರಿಸಿದ ಜಾಗ. ಮುಚ್ಚಳದಿಂದ ಇಳಿದ ಪತ್ತಿಗಳು ಅದನ್ನು ಸವರುತ್ತ ಹೋಗುತ್ತವೆ. ಡ್ರೈವರ್ ಸ್ವಿಚ್ ಆರಿಸಿದರೂ ವೈಪರಿನ ಕಡ್ಡಿ ಗಾಜಿನ ನಡುವೆ ನಿಲ್ಲದೆ ಕೆಳಗೆ ಬಂದು ಮಲಗುತ್ತದಲ್ಲ, ಅದು ಈ ಬಿಲ್ಲೆಯ ಕೆಲಸ. ಕತ್ತರಿಸಿದ ಜಾಗ ಬಂದಾಗ ಕರೆಂಟು ತಪ್ಪುತ್ತದೆ. ನಮ್ಮ ಮೋಟಾರಿನ ವೈರುಗಳನ್ನು ಹಿಂದೆ ಯಾರೋ ಬಿಚ್ಚಿ, ಈ ಬಿಲ್ಲೆಯಿಂದ ಬರುವ ಪಾರ್ಕಿಂಗ್ ವೈರನ್ನೇ ಮುಖ್ಯ ವೈರಿಗೆ ಸೇರಿಸಿದ್ದರು. ಅದನ್ನು ಬಿಡಿಸಿ ಟೇಪು ಸುತ್ತಿದೆ, ಹೊಸ ಗ್ರೀಸು ತುಂಬಿದೆ; ಮೋಟಾರು ನಿಲ್ಲದೆ ತಿರುಗಿತು.

ವೈರುಗಳ ಬಣ್ಣ ಒಂದೊಂದು ಕಂಪನಿಗೆ ಒಂದೊಂದು ಥರ. ಯಾವುದು ಯಾವುದೆಂದು ಹುಡುಕುವಾಗ ಕಾರಿನ ಹೆಡ್‌ಲೈಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿಕೊಳ್ಳಿ. ತಪ್ಪು ವೈರು ತಗುಲಿದರೆ ಬಲ್ಬು ಜೋರಾಗಿ ಉರಿಯುತ್ತದೆ, ಏನೂ ಸುಡುವುದಿಲ್ಲ. ಕೆಲವು ಮೋಟಾರುಗಳಲ್ಲಿ ಮೈಯೇ ನೆಗೆಟಿವ್ ಆಗಿರುತ್ತದೆ, ಅಂಥದ್ದನ್ನು ಮರದ ಹಲಗೆಗೆ ಬಿಗಿಯಿರಿ. ಕಾರ್ಬನ್ ಬ್ರಶ್ ಮೂರಿದ್ದರೆ ಗಾಬರಿಯಾಗಬೇಡಿ: ಎದುರುಬದುರು ಕೂತ ಎರಡು ನಿಧಾನದ ಓಟಕ್ಕೆ, ಓರೆಯಾಗಿ ಕೂತ ಮೂರನೆಯದು ಜೋರಿನ ಓಟಕ್ಕೆ. ತೊಟ್ಟಿಲಿಗೆ ಮೂರನೆಯದು ಬೇಡ.

ನಿಧಾನದ ಓಟವೂ ಹೆಚ್ಚಾಯಿತು. "ಇಷ್ಟು ಜೋರು ತೂಗಿದ್ರ ಕೂಸು ಮಲಗ್ತದೇನಪಾ?" ಎಂದರು ಅಮ್ಮ.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಕೊಂಡಿಯಿಂದ ಸುಮಾರು 1 ಮೀಟರ್ ಕೆಳಗೆ ತೂಗುವ ತೊಟ್ಟಿಲು ಒಮ್ಮೆ ಹೋಗಿ ಬರಲು 2 ಸೆಕೆಂಡು ತೆಗೆದುಕೊಳ್ಳುತ್ತದೆ, ಅಂದರೆ ನಿಮಿಷಕ್ಕೆ 30 ಸಲ. ಅದರ ಸಹಜ ಲಯ ಅದು. ಮೋಟಾರು ಆ ಲಯಕ್ಕೆ ಹೊಂದಿದರೆ ಬೆರಳಿನಷ್ಟು ಬಲ ಸಾಕು. ಹೊಂದದಿದ್ದರೆ ತೊಟ್ಟಿಲಿನೊಡನೆ ಗುದ್ದಾಡುತ್ತ ಬಿಸಿಯಾಗುತ್ತದೆ. ವೇಗ ತಗ್ಗಿಸಲು ರೆಸಿಸ್ಟರ್ ಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ, ಭಾರ ಬಿದ್ದ ಕ್ಷಣವೇ ವೋಲ್ಟೇಜ್ ಕುಸಿದು ಮೋಟಾರು ಸೋಲುತ್ತದೆ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್ ಸಿಗುತ್ತದೆ. ಅದು ಕರೆಂಟನ್ನು ಕ್ಷಣಕ್ಷಣಕ್ಕೂ ಕೊಟ್ಟು ತಡೆದು ಮಾಡುವುದರಿಂದ ವೇಗ ಇಳಿದರೂ ಬಲ ಉಳಿಯುತ್ತದೆ.

ಶಾಫ್ಟಿಗೆ 4 ಸೆಂಟಿಮೀಟರಿನ ಕ್ರ್ಯಾಂಕ್ ಬಿಗಿದರೆ ಸಲಾಕೆ 8 ಸೆಂಟಿಮೀಟರ್ ಹಿಂದೆಮುಂದೆ ಓಡಾಡುತ್ತದೆ. ಆ ಸಲಾಕೆಯನ್ನು ಕೊಂಡಿಯಿಂದ 20 ಸೆಂಟಿಮೀಟರ್ ಕೆಳಗೆ ತೂಗುಕಂಬಿಗೆ ಕೂಡಿಸಿದೆ. 1 ಮೀಟರ್ ಕೆಳಗಿನ ತೊಟ್ಟಿಲು ಅದರ ಐದು ಪಟ್ಟು, ಅಂದರೆ 40 ಸೆಂಟಿಮೀಟರ್ ತೂಗುತ್ತದೆ. ಸಲಾಕೆಗೂ ತೂಗುಕಂಬಿಗೂ ನಡುವೆ ಬಿಗಿಯಾದ ಒಂದು ಸ್ಪ್ರಿಂಗ್ ಇರಲೇಬೇಕು. ಮಕ್ಕಳು ತೊಟ್ಟಿಲನ್ನು ಹಿಡಿದು ನಿಲ್ಲಿಸಿದರೆ ಮೋಟಾರು ಸಿಕ್ಕಿಕೊಳ್ಳಬಾರದು. ತಿರುಗದೆ ನಿಂತ ಮೋಟಾರು ಓಡುವಾಗಿನ ಹಲವು ಪಟ್ಟು ಕರೆಂಟು ಎಳೆದು ಸುಟ್ಟುಹೋಗುತ್ತದೆ. ಅದಕ್ಕೇ ವೈರಿನಲ್ಲಿ 5 ಆಂಪಿಯರ್ ಫ್ಯೂಜ್ ಹಾಕಿದ್ದೇನೆ. ಪೂಜೆಯ ಹೊತ್ತಿನಲ್ಲಿ ಆಗಾಗ ಮೋಟಾರಿನ ಮೈ ಮುಟ್ಟಿ ನೋಡುತ್ತೇನೆ. ಕೈ ಇಡಲಾಗದಷ್ಟು ಬಿಸಿಯಾದರೆ ಆರಿಸಿ, ಸ್ವಲ್ಪ ಹೊತ್ತು ಅಮ್ಮನೇ ಹಗ್ಗ ಹಿಡಿದು ತೂಗುತ್ತಾರೆ.